ಅತ್ತೆಯ ಚೀಟಿ ಮತ್ತು ಮೀಸೆಯಿಲ್ಲದ ಮೀನು

ಒಂದು ಮಾತು ನೇರವಾಗಿಯೇ ಕೇಳುತ್ತೇನೆ, ನಾಚಿಕೊಳ್ಳದೆ ಉತ್ತರ ಹೇಳಿ. ನಿಮ್ಮ ಅತ್ತೆ ಯಾವತ್ತಾದರೂ ನಿಮ್ಮನ್ನು ಮಾರ್ಕೆಟಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿದ್ದಾರಾ? ಮದುವೆಗೆ ಮುಂಚೆ ಅಲ್ಲ, ಅದು ಎಲ್ಲರಿಗೂ ಆಗುತ್ತದೆ. ಮದುವೆಯಾಗಿ ಮೂರು ವರ್ಷವಾದ ಮೇಲೆ, ಪರದೇಶದಲ್ಲಿ, ಮೀನಿನ ರಾಶಿಯ ಎದುರು? ನನಗೆ ಆಗಿದೆ. ಪಾಸಾದೆನೋ ಫೇಲಾದೆನೋ ಎಂದು ಇಷ್ಟು ವರ್ಷ ಗೊತ್ತಿರಲಿಲ್ಲ. ರಿಸಲ್ಟ್ ಕಳೆದ ವಾರ ಬಂತು.

ಬಂದದ್ದು ಹೀಗೆ. ನಮ್ಮ ಮೇಲಿನ ಫ್ಲಾಟಿನಲ್ಲಿ ಕುಂದಾಪುರ ಕಡೆಯ ಹೊಸ ಜೋಡಿಯೊಂದಿದೆ. ಅವತ್ತಿಗೆ ಆ ಹುಡುಗಿಗೆ ಹೆರಿಗೆಯಾಗಿ ನಾಲ್ಕು ದಿನ. ಊರಿನಿಂದ ಯಾರಿಗೂ ಬರಲಾಗಿಲ್ಲ. ಹಾಗಾಗಿ ಬಾಣಂತನದ ಇಲಾಖೆ ನನ್ನ ಹೆಂಡತಿ ಲವೀನಾಳ ಕೈಗೆ ಬಂದಿದೆ. ಇಲಾಖೆಯ ಪ್ಯೂನ್ ನಾನು. "ಮೇಲಿನ ಶೆಲ್ಫಿನಲ್ಲಿ ನೀಲಿ ಟಿನ್ ಉಂಟು, ತೆಗೀರಿ, ಅದ್ರಲ್ಲಿ ರಶಾದ್ ಉಳಿದಿದ್ರೆ ನೋಡಿ" ಎಂದಳು. ಸ್ಟೂಲ್ ಹತ್ತಿ, ಸೊಂಟ ಹಿಡಿದುಕೊಂಡು, ಟಿನ್ ಇಳಿಸಿ ಮುಚ್ಚಳ ತೆಗೆದೆ. ಬಾಣಂತಿಯರಿಗೆ ಕೊಡುವ ಆ ಬೀಜ, ರಶಾದ್, ಇರಲಿಲ್ಲ. ಕಲ್ಲಿನ ಹಾಗೆ ಒಣಗಿದ ನಾಲ್ಕು ಕಪ್ಪು ನಿಂಬೆಹಣ್ಣುಗಳಿದ್ದವು. ಇಲ್ಲಿ ಕುವೈತಿನವರು ಅನ್ನಕ್ಕೂ ಸಾರಿಗೂ ಹಾಕುವ ಲೂಮಿ. ಎಷ್ಟು ವರ್ಷವಾಗಿದ್ದರೂ ವಾಸನೆ ಸತ್ತಿರಲಿಲ್ಲ: ಹುಳಿ, ಹೊಗೆ, ಬಿಸಿಲಿಗೆ ಹಾಕಿದ ಹಳೇ ಟ್ರಂಕು, ಎಲ್ಲ ಸೇರಿದ ಒಂದು ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ಅತ್ತೆ ಅಡುಗೆಮನೆಯಲ್ಲಿ ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ ಹಾಗಾಯಿತು.

ನಿಂಬೆಯ ಕೆಳಗೆ ಮಡಿಸಿಟ್ಟ ಒಂದು ಕ್ಯಾಲೆಂಡರ್ ಹಾಳೆಯಿತ್ತು. ಅದರ ಹಿಂಬದಿಯಲ್ಲಿ ಅತ್ತೆಯ ಗುಂಡಗಿನ ಅಕ್ಷರ. ಅದೇ ಚೀಟಿ!

ತೊಂಬತ್ತರ ದಶಕದ ಕೊನೆಯ ಮಾತು. ಇಲ್ಲಿಯೇ ಅಬ್ಬಾಸಿಯಾದಲ್ಲಿ ಒಂದು ಬೆಡ್‌ರೂಮಿನ ಫ್ಲಾಟು. ಲವೀನಾ ಜಾಬ್ರಿಯಾದ ಒಂದು ಕ್ಲಿನಿಕ್ಕಿನಲ್ಲಿ ನರ್ಸು, ನಾನು ಒಂದು ಟ್ರೇಡಿಂಗ್ ಕಂಪೆನಿಯಲ್ಲಿ ಸ್ಟೋರ್‌ಕೀಪರ್. ಅವಳಿಗೆ ಏಳು ತಿಂಗಳು ತುಂಬಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು ಎಂಬುದು ಶಿರ್ವದ ಅವಳ ಮನೆಯಲ್ಲಿ ಹತ್ತು ಆಜ್ಞೆಗಳ ನಂತರದ ಹನ್ನೊಂದನೆಯದು. ಆದರೆ ಊರಿಗೆ ಹೋದರೆ ಆರು ತಿಂಗಳು ರಜೆ ಬೇಕು, ಕ್ಲಿನಿಕ್ಕಿನವರು ಅಷ್ಟು ದಿನ ಕಾಯುವವರಲ್ಲ. ಬೇರೆ ನರ್ಸನ್ನು ತೆಗೆದುಕೊಳ್ಳುತ್ತೇವೆ ಎಂದು ನಗುತ್ತಲೇ ಹೇಳಿದ್ದರು. ಲವೀನಾಳಿಗೆ ಆ ಕೆಲಸ ಅಂದರೆ ಜೀವ. "ನಾನು ಹೋಗುದಿಲ್ಲ" ಎಂದು ಫೋನಿನಲ್ಲಿ ಅಮ್ಮನಿಗೆ ಹೇಳಿಬಿಟ್ಟಳು. ಆ ಕಡೆಯಿಂದ ಅತ್ತೆ, "ಹಾಗಾದ್ರೆ ನಾನೇ ಬರ್ತೇನೆ. ಬಂದು ನೋಡ್ತೇನೆ. ಬಾಣಂತಿಗೆ ಬೇಕಾದ್ದು ಆ ಮರಳಿನಲ್ಲಿ ಸಿಗ್ತದಾ ಇಲ್ವಾ ಅಂತ. ಸಿಗದಿದ್ರೆ ನಿನ್ನನ್ನು ಕರ್ಕೊಂಡೇ ವಾಪಸ್ಸು."

ಹೀಗೆ ಅತ್ತೆ ವಿಸಿಟ್ ವೀಸಾದಲ್ಲಿ ಬಂದಿಳಿದರು. ಒಂದು ಸೂಟ್‌ಕೇಸು, ಒಂದು ಕೊಡೆ, ಒಂದು ಚೀಟಿ. ಜೂನ್ ತಿಂಗಳಲ್ಲಿ ಕುವೈತಿಗೆ ಕೊಡೆ ಯಾಕೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಇಲ್ಲಿ ನನ್ನ ಬಗ್ಗೆ ಒಂದು ನಿಜ ಒಪ್ಪಿಕೊಳ್ಳಬೇಕು. ಮೂರು ವರ್ಷದಿಂದ ನಾನು ಅತ್ತೆಯ ಹತ್ತಿರ ಫೋನಿನಲ್ಲಿ ಕೊಚ್ಚಿಕೊಳ್ಳುತ್ತಿದ್ದೆ. "ಇಲ್ಲಿಯ ಮಾಂಜಿ ಊರಲ್ಲಿ ಸಿಗ್ಲಿಕ್ಕೇ ಇಲ್ಲ ಮಾಂಯ್, ನಾನೇ ಆರಿಸಿ ತರ್ತೇನೆ." ಮೀನು ಬರುತ್ತಿದ್ದದ್ದು ನಿಜ, ಅದು ಮಾಂಜಿ, ಅಂದರೆ ಪಾಂಫ್ರೆಟ್, ಎಂಬುದೂ ನಿಜ, ನಾನೇ ಹೊತ್ತು ತರುತ್ತಿದ್ದದ್ದೂ ನಿಜ. ಆರಿಸುತ್ತಿದ್ದವನು ಮಾತ್ರ ಬಸವರಾಜ.

ಬಸವರಾಜ ನಮ್ಮ ಪಕ್ಕದ ಫ್ಲಾಟಿನಲ್ಲಿ ಇನ್ನು ಮೂವರ ಜೊತೆ ರೂಮು ಹಂಚಿಕೊಂಡಿದ್ದ. ಗದಗ ಜಿಲ್ಲೆಯ ರೋಣದ ಕಡೆಯವನು. ಮೀನಾ ಅಬ್ದುಲ್ಲಾದ ಎಣ್ಣೆ ರಿಫೈನರಿಯಲ್ಲಿ ಇನ್‌ಸ್ಟ್ರುಮೆಂಟ್ ಟೆಕ್ನೀಶಿಯನ್. ಹುಟ್ಟಿದಂದಿನಿಂದ ಮೀನು ಬಿಡಿ, ಮೊಟ್ಟೆಯನ್ನೂ ಮುಟ್ಟದವನು. ಒಮ್ಮೆ ಸುಮ್ಮನೆ ಜೊತೆಗೆ ಬಂದವನು, ನಾನು ಮೀನಿನವನ ಹತ್ತಿರ ಚೌಕಾಸಿ ಮಾಡುವುದನ್ನು ನೋಡಿ ಹಣೆ ಚಚ್ಚಿಕೊಂಡ.

"ಅಲ್ರೀ, ನೀವು ಮೀನ ನೋಡಿದ ಕೂಡ್ಲೆ ನಿಮ್ಮ ಮಾರಿ ಸೂರ್ಯಕಾಂತಿ ಅರಳಿದಂಗ ಅರಳತೈತಿ. ಅಂವ ಮೀನ ನೋಡಿ ರೇಟ್ ಹೇಳೂದಿಲ್ಲ, ನಿಮ್ಮ ಮಾರಿ ನೋಡಿ ಹೇಳತಾನ. ನನ್ನ ಮಾರಿ ನೋಡ್ರಿ, ಏನರ ಕಾಣತೈತೇನು?"

ಏನೂ ಕಾಣುತ್ತಿರಲಿಲ್ಲ. ಮೀನಿನ ಎದುರು ಆ ಮುಖ ಗೋಡೆಯ ಹಾಗಿರುತ್ತಿತ್ತು. ಬೇಡದವನಿಗೆ ಮಾರುವುದು ವ್ಯಾಪಾರಿಗೆ ಒಂದು ಹಟ. ರೇಟು ತಾನಾಗಿ ಇಳಿಯುತ್ತಿತ್ತು. ಇನ್ನು ತಾಜಾ ಮೀನು ಯಾವುದು ಎಂದು ತಿನ್ನದವನಿಗೆ ಹೇಗೆ ಗೊತ್ತಾಗುತ್ತದೆ? ಕೇಳಿದೆ. "ಕಣ್ಣ ಉಬ್ಬಿದ್ರ ಒಳಗ ಪ್ರೆಷರ್ ಐತಿ ಅಂತ. ಒಳಗ ಹ್ವಾದ್ರ ಲೀಕ್. ದಿನಾ ಗೇಜ್ ಓದಾಂವಗ ಇಷ್ಟ ಸಾಕ್ರಿ." ಅವತ್ತಿನಿಂದ ನಮ್ಮ ಮನೆಯ ಮೀನಿನ ಖಾತೆ ರೋಣಕ್ಕೆ ಹೋಯಿತು. ಪ್ರತಿಫಲವಾಗಿ ಲವೀನಾ ಅವನಿಗೆ ಶುಕ್ರವಾರ ನೀರುದೋಸೆ ಮಾಡಿಕೊಡುತ್ತಿದ್ದಳು. ಬೇರೆ ಕಾವಲಿಯಲ್ಲಿ. ಆ ಕಾವಲಿಗೆ ಬಸವಣ್ಣನ ಕಾವಲಿ ಎಂದೇ ಹೆಸರು.

ಅತ್ತೆಯ ಚೀಟಿಗೆ ಬರುತ್ತೇನೆ. ನಾವು ಮನೆಯಲ್ಲಿ ಮಾತಾಡುವುದು ಕೊಂಕಣಿ, ಆದರೂ ಅತ್ತೆ ಚೀಟಿ ಬರೆಯುವುದು ಕನ್ನಡದಲ್ಲಿ, ಇಂಥವು ಗಂಭೀರ ವಿಷಯ ಎಂದು. ಕುಚ್ಚಲಕ್ಕಿ, ತೆಂಗಿನಕಾಯಿ, ತೆಂಗಿನೆಣ್ಣೆ, ಓಲೆಬೆಲ್ಲ, ಮೆಂತೆ, ಕರಿಮೆಣಸು, ಬೆಳ್ಳುಳ್ಳಿ. ಇವೆಲ್ಲ ಅಬ್ಬಾಸಿಯಾದ ಮಲಯಾಳಿ ಅಂಗಡಿಗಳಲ್ಲಿ ಎರಡೇ ದಿನದಲ್ಲಿ ಸಿಕ್ಕಿದವು. ಅತ್ತೆ ಒಂದೊಂದನ್ನೂ ಮೂಸಿ, ಕಚ್ಚಿ, ಆಮೇಲೆ ಪೆನ್ನಿನಲ್ಲಿ ಟಿಕ್ ಹಾಕಿದರು. ಬೆಲ್ಲಕ್ಕೆ ಮಾತ್ರ ಅರ್ಧ ಟಿಕ್. ಮುಂದಿನ ಸಾಲು: 'ಬಾಣಂತಿ ಸ್ನಾನಕ್ಕೆ ಹಂಡೆ ನೀರು, ಸೌದೆ.'

"ಸೌದೆ ಎಲ್ಲಿಂದ ತರ್ತೀ?" ಎಂದು ನನ್ನನ್ನು ಕೇಳುತ್ತಾ, ಕೈ ತೊಳೆಯಲು ಬಚ್ಚಲಿನ ತಣ್ಣೀರಿನ ನಳ ತಿರುಗಿಸಿದರು. ಮಧ್ಯಾಹ್ನ ಎರಡು ಗಂಟೆ. ಟೆರೇಸಿನ ಟ್ಯಾಂಕು ಬೆಳಗಿನಿಂದ ಬಿಸಿಲಿನಲ್ಲಿ ಬೆಂದಿತ್ತು.

"ಜೆಜು!" ಎಂದು ಕೂಗಿ ಕೈ ಹಿಂದೆಗೆದರು. ಬೆರಳುಗಳಿಗೆ ಗಾಳಿ ಊದುತ್ತಾ ಹೊರಗೆ ಬಂದು, ಆ ಸಾಲಿಗೂ ಟಿಕ್ ಹಾಕಿದರು.

ಉಳಿದದ್ದು ತಾಟೆ ಮೀನು. ಘಟ್ಟದ ಮೇಲಿನವರಿಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ತಾಟೆ ಎಂದರೆ ಶಾರ್ಕ್, ಆದರೆ ಸಿನಿಮಾದಲ್ಲಿ ದೋಣಿ ನುಂಗುವಂಥದ್ದಲ್ಲ, ಮೊಳದುದ್ದದ ಮರಿ. ಅದರ ಸಾರು ಕುಡಿಸಿದರೆ ಬಾಣಂತಿಗೆ ಎದೆಹಾಲು ಹೆಚ್ಚುತ್ತದೆ ಎಂಬುದು ನಮ್ಮ ಕರಾವಳಿಯ ಹೆಂಗಸರ ನಂಬಿಕೆ. ಡಾಕ್ಟರು ಏನು ಹೇಳುತ್ತಾರೋ ಗೊತ್ತಿಲ್ಲ. ಅತ್ತೆಯ ಎದುರು ಡಾಕ್ಟರೂ ಹೇಳಲಿಕ್ಕಿಲ್ಲ. ಅತ್ತೆ ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು. "ಇದು ಸಿಗದಿದ್ರೆ ಬಾಕಿದ್ದು ಇದ್ದೂ ಇಲ್ಲ. ಲವೀನಾ ನನ್ನೊಟ್ಟಿಗೆ ಬರ್ತಾಳೆ."

ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದ ಲವೀನಾ ಒಂದೇ ತೋಳನ್ನು ಮತ್ತೆ ಮತ್ತೆ ತಿಕ್ಕುತ್ತಿದ್ದಳು.

ಅದನ್ನು ನೋಡಿ ನನಗೆ ಪೌರುಷ ಬಂತು. ಗುರುವಾರ ಸಂಜೆ, ಬಸವರಾಜನಿಗೂ ಹೇಳದೆ, ಒಬ್ಬನೇ ಹೋಗಿ ಮೀನು ತಂದೆ. ಬೂದು ಬಣ್ಣ, ನುಣುಪು ಮೈ, ಮೊಳದುದ್ದ, ಎಲ್ಲ ಲೆಕ್ಕ ಸರಿ. ಫ್ರಿಜ್ಜಿನಲ್ಲಿಟ್ಟು, ಅತ್ತೆಯ ಎದುರು ಬಾಗಿಲು ತೆಗೆದು, ಮದುವೆ ಮನೆಯಲ್ಲಿ ಚಿನ್ನ ತೋರಿಸುವವನ ಹಾಗೆ ನಿಂತೆ.

ಅತ್ತೆ ಬಗ್ಗಿ ನೋಡಿದರು. ಕನ್ನಡಕ ಹಾಕಿಕೊಂಡು ಇನ್ನೊಮ್ಮೆ ನೋಡಿದರು.

"ಇದು ತಾಟೆಯಾ?"

"ಹೌದಲ್ಲ ಮಾಂಯ್, ಪಕ್ಕಾ ತಾಟೆ."

"ತಾಟೆಗೆ ಮೀಸೆ ಉಂಟಾ ಮಾರಾಯ?"

ಆಗ ನೋಡಿದೆ. ಬಾಯಿಯ ಎರಡೂ ಬದಿಗೆ ನನ್ನ ಮೀಸೆಗಿಂತ ಚೆನ್ನಾಗಿ ಬೆಳೆದ ಮೀಸೆ. ತೇಡೆ ಮೀನು, ಅಂದರೆ ಕ್ಯಾಟ್‌ಫಿಶ್! ಲವೀನಾ ಹೊಟ್ಟೆ ಹಿಡಿದುಕೊಂಡು ಬೆಡ್‌ರೂಮಿಗೆ ಹೋದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಬಾಗಿಲ ಹಿಂದಿನಿಂದ ಎರಡೂ ಒಂದೇ ಹಾಗೆ ಕೇಳಿಸುತ್ತಿತ್ತು. ಅತ್ತೆ ಫ್ರಿಜ್ಜಿನ ಬಾಗಿಲು ಮೆಲ್ಲ ಹಾಕಿ, "ಮೂರು ವರ್ಷ ಫೋನಲ್ಲಿ ಮಾಂಜಿ ಆರಿಸಿದ್ದು ಯಾರು?" ಎಂದರು. ನಾನು ಪಕ್ಕದ ಫ್ಲಾಟಿನ ಗೋಡೆ ತೋರಿಸಿದೆ.

ಮರುದಿನ ಶುಕ್ರವಾರ, ನಾನೂ ಅತ್ತೆಯೂ ಚರ್ಚಿನಿಂದ ಬಂದವರೇ ಬಸವರಾಜನನ್ನು ಕರೆದುಕೊಂಡು ನನ್ನ ಹಳೇ ಕಾರಿನಲ್ಲಿ ಮುಬಾರಕಿಯಾದ ಹಳೇ ಮಾರ್ಕೆಟಿಗೆ ಹೊರಟೆವು. ಲವೀನಾಳಿಗೆ ಡ್ಯೂಟಿ. ಅತ್ತೆ ಮುಂದೆ, ಬಸವರಾಜ ಹಿಂದೆ. ದಾರಿಯುದ್ದಕ್ಕೂ ಅತ್ತೆ ಅವನ ವಿಚಾರಣೆ ನಡೆಸಿದರು.

"ನಿಮ್ದು ಮದುವೆ ಆಗಿದೆಯಾ?"

"ಆಗೇತ್ರಿ ಅಮ್ಮಾರ. ಮಗಳು ಅದಾಳ, ಎರಡ ವರ್ಷ."

"ಹೆರಿಗೆ ಸಮಯ ಊರಿಗೆ ಹೋಗಿದ್ರಾ?"

ಬಸವರಾಜ ಕಿಟಕಿಯ ಕಡೆ ತಿರುಗಿದ. "ಇಲ್ರಿ. ರಜಾ ಸಿಗಲಿಲ್ಲ. ಕೂಸಿನ ಮಾರಿ ನೋಡಿದ್ದು ಹದಿನಾಕು ತಿಂಗಳ ಮ್ಯಾಲೆ. ನನ್ನ ನೋಡಿ ಅತ್ತು ಅವರವ್ವನ ಹಿಂದ ಅಡಕ್ಕೊಂತು. ಒಂದ ಸೂಡು ಸಬ್ಬಸಿಗಿ ಸೈತ ತಂದ ಕೊಡಾಕ ಆಗಲಿಲ್ಲ ಅಕಿಗೆ."

ಅತ್ತೆ ತಿರುಗಿ ಅವನನ್ನು ಸರಿಯಾಗಿ ನೋಡಿದ್ದು ಆಗಲೇ.

ಮೀನಿನ ಮಾರ್ಕೆಟಿಗೆ ಕಾಲಿಟ್ಟದ್ದೇ ಅತ್ತೆಗೆ ಹತ್ತು ವರ್ಷ ಕಡಿಮೆಯಾಯಿತು. ಮಂಜುಗಡ್ಡೆಯ ಮೇಲೆ ಮಾಂಜಿ, ಸೀಗಡಿ, ಹಮೂರ್, ಹೆಸರು ಗೊತ್ತಿಲ್ಲದ ಕೆಂಪು ಹಳದಿ ಮೀನುಗಳು. ಒಂದೊಂದರ ಕಿವಿರು ಎತ್ತಿ ನೋಡಿ, "ಓಹೋಹೋ, ಎಂತ ಚಂದ ಇದ್ದೀ ನೀನು!" ಎಂದು ಮೊಮ್ಮಕ್ಕಳ ಹತ್ತಿರ ಮಾತಾಡಿದ ಹಾಗೆ ಮಾತಾಡಿಸಿದರು. ಅಂಗಡಿಯ ಬಂಗಾಳಿಯ ಕಣ್ಣಲ್ಲಿ ರೇಟು ಏರುವುದು ನನಗೇ ಕಾಣಿಸಿತು. ಬಸವರಾಜ ಹಿಂದಿನಿಂದ ಪಿಸುಗುಟ್ಟಿದ, "ಅಮ್ಮಾರ, ಮಾರಿ ಸಣ್ಣ ಮಾಡ್ರಿ! ನೀವು ನಗಬ್ಯಾಡ್ರಿ! ಮೀನ ಕಂಡ್ರ ಆಗೂದಿಲ್ಲ ಅನ್ನೂವಂಗ ನಿಂದರ್ರಿ!"

ಅರವತ್ತು ವರ್ಷ ಮೀನು ತಿಂದ ಬಾಯಿಗೆ ಅದು ಸುಲಭವೇ? ಅತ್ತೆ ತಮಗೆ ಗೊತ್ತಿದ್ದ ಒಂದೇ ದುಃಖದ ಮುಖ ಹಾಕಿದರು: ಸತ್ತವರ ಬೊಜ್ಜದ ಮನೆಯದು. ಸೆರಗು ತಲೆಯ ಮೇಲೆ, ತುಟಿ ಕೆಳಗೆ, ಕಣ್ಣು ನೆಲಕ್ಕೆ.

ಬಂಗಾಳಿ ಗಾಬರಿಯಾಗಿ ನನ್ನನ್ನು ಕೇಳಿದ, "ಅಮ್ಮಾ ಕೋ ಕ್ಯಾ ಹುವಾ ಭಾಯಿ? ಘರ್ ಮೇ ಸಬ್ ಠೀಕ್?"

"ಸಬ್ ಠೀಕ್ ಭಾಯಿ. ಛೋಟಾ ಜರ್ಜೂರ್ ಹೈ ಕ್ಯಾ?" ಶಾರ್ಕಿಗೆ ಇಲ್ಲಿ ಜರ್ಜೂರ್ ಎನ್ನುತ್ತಾರೆ ಎಂದು ಬಸವರಾಜ ಹಿಂದಿನ ರಾತ್ರಿ ತನ್ನ ಈಜಿಪ್ಟಿನ ಫೋರ್‌ಮನ್ನಿಗೆ ಫೋನ್ ಮಾಡಿ ಕೇಳಿಕೊಂಡಿದ್ದ. ಮೀನು ತಿನ್ನದವನು!

ಬಂಗಾಳಿ ಎತ್ತಿ ತೋರಿಸಿದ್ದು ಅತ್ತೆಯಷ್ಟೇ ಉದ್ದದ್ದು. ಅತ್ತೆ ಬೊಜ್ಜದ ಮುಖದಲ್ಲೇ ತಲೆಯಾಡಿಸಿ, ಮೊಣಕೈಯಿಂದ ಬೆರಳಿನ ತುದಿಯವರೆಗೆ ಅಳತೆ ತೋರಿಸಿದರು. ಅವನು ಇಲ್ಲ ಎಂದ. ಆ ಒಂದು ಕ್ಷಣ ನನಗೆ ಲವೀನಾ ಇಸ್ತ್ರಿ ಮಾಡುತ್ತಿದ್ದ ಯೂನಿಫಾರ್ಮಿನ ಆ ಬಿಳಿ ತೋಳು ನೆನಪಾಯಿತು. ಬಸವರಾಜ ಸುಮ್ಮನಿರಲಿಲ್ಲ. "ಭಾಯಿ, ಬಚ್ಚಾ ಹೋನೇವಾಲಾ ಹೈ. ಇನ್‌ಕಾ ಬೇಟಿ ಕಾ. ದವಾಯಿ ಹೈ ಯೇ, ದವಾಯಿ. ನೀಚೇ ದೇಖೋ." ಚೌಕಾಸಿಯ ಎಲ್ಲ ಪಾಠವನ್ನೂ ತಾನೇ ಮುರಿದು, ಇವರ ಮಗಳಿಗೆ ಹೆರಿಗೆ, ಇದು ಔಷಧಿ ಎಂದು ನಿಜ ಹೇಳಿಬಿಟ್ಟ. ಅವನ ಗೋಡೆಯಂಥ ಮುಖದಲ್ಲಿ ಅವತ್ತು ಎಲ್ಲ ಕಾಣುತ್ತಿತ್ತು.

ಬಂಗಾಳಿ ಮಂಜುಗಡ್ಡೆಗೆ ಮೊಣಕೈವರೆಗೆ ಕೈ ಹಾಕಿ, ಕೆದಕಿ, ಎರಡು ಮರಿ ಜರ್ಜೂರ್ ಎಳೆದ. ಬೇರೆ ಯಾರೂ ಕೇಳದ್ದಕ್ಕೆ ಅಡಿಗೆ ಬಿದ್ದಿದ್ದವು. ಅತ್ತೆ ಮೊದಲು ನೋಡಿದ್ದು ಮೀಸೆ. ಇರಲಿಲ್ಲ. ನನ್ನ ಕಡೆ ಒಮ್ಮೆ ನೋಡಿ, ಮೀನನ್ನು ಬಸವರಾಜನಿಗೆ ತೋರಿಸಿದರು. ಅವನು ದೂರದಿಂದಲೇ ಕಣ್ಣು ಓದಿ, "ಪ್ರೆಷರ್ ಐತ್ರಿ" ಎಂದ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾರ್ಕೆಟಿಗೆ ಬಂದ ಅತ್ತೆಯನ್ನು ವಾಪಸು ಕರೆದುಕೊಂಡು ಬರುವ ವಿದ್ಯೆ ಯಾವ ಅಳಿಯನಿಗೂ ಗೊತ್ತಿಲ್ಲ. ಹೆಂಗಸರೇ ಕೂತು ಮಾರುವ ಓಣಿಯೊಂದು ಅಲ್ಲಿದೆ. ಕಪ್ಪು ಬಟ್ಟೆಯ, ಮುಖಕ್ಕೆ ಬುರ್ಖಾ ಕಟ್ಟಿದ ಒಬ್ಬ ಅಜ್ಜಿ ಬೀಜ, ಬೇರು, ಲೂಮಿಯ ಚೀಲಗಳ ನಡುವೆ ಕೂತಿದ್ದಳು. ಅತ್ತೆ ಅವಳೆದುರು ಕುಕ್ಕರಗಾಲಲ್ಲಿ ಕೂತು ಅಭಿನಯ ಶುರುಮಾಡಿದರು. ಮೊದಲು ದೊಡ್ಡ ಹೊಟ್ಟೆ. ಆಮೇಲೆ ತೊಟ್ಟಿಲು. ಆಮೇಲೆ ಎರಡೂ ಕೈ ಎದೆಗೆ. ನಾನು ಚಾವಣಿಯ ಮರದ ತೊಲೆ ಎಣಿಸತೊಡಗಿದೆ. ಅಜ್ಜಿ ಗಲಗಲ ನಕ್ಕು, ಒಂದು ಚೀಲಕ್ಕೆ ಕೈ ಹಾಕಿ ಕೆಂಪು ಬೀಜ ಎತ್ತಿ ಅತ್ತೆಯ ಅಂಗೈಗೆ ಸುರಿದಳು. "ರಶಾದ್. ಹಲೀಬ್, ವಾಜಿದ್ ಹಲೀಬ್."

"ಎಂತ ಹೇಳ್ತಾಳೆ?" ಅತ್ತೆ ಕೇಳಿದರು. ನನ್ನ ಅರಬಿ ಎಂದರೆ ಯಲ್ಲಾ, ಖಲಾಸ್ ಮತ್ತು ಚಹಾ ಅಂಗಡಿಯಷ್ಟು. ಅದೃಷ್ಟಕ್ಕೆ ಇದು ಚಹಾ ಅಂಗಡಿಯದ್ದೇ ಶಬ್ದ. "ಹಾಲು ಮಾಂಯ್. ತುಂಬ ಹಾಲು ಅಂತೆ." ಆ ಇಡೀ ದಿನ ನಾನು ಮಾಡಿದ ಉಪಕಾರ ಅದೊಂದೇ.

ಅತ್ತೆ ಬೀಜವನ್ನು ಅನುಮಾನದಿಂದ ನೋಡುತ್ತಿದ್ದರು. ಬಸವರಾಜ ಬಗ್ಗಿ ನೋಡಿದವನು ಅಲ್ಲೇ ಕೂತುಬಿಟ್ಟ. "ಅಯ್ಯ ನಮ್ಮವ್ವ! ಅಮ್ಮಾರ, ಇದು ಅಳ್ವಿ ಐತ್ರಿ! ನಮ್ಮ ಕಡೆ ಬಾಣಂತ್ಯಾರಿಗೆ ಅಳ್ವಿ ಪಾಯಸ ಮಾಡೂದು ಇದರಾಗನ!" ಎಂದು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದ. ಅಜ್ಜಿ ಬೆರಳು ಮಡಿಸಿ ತನಗೆ ಒಂಬತ್ತು ಮಕ್ಕಳು ಎಂದು ತೋರಿಸಿದಳು. ಅತ್ತೆ ಆರು ತೋರಿಸಿದರು. ಅಜ್ಜಿ ಅಯ್ಯೋ ಪಾಪ ಎನ್ನುವ ಹಾಗೆ ಅತ್ತೆಯ ಮೊಣಕಾಲು ತಟ್ಟಿ, ಇನ್ನೊಂದು ಹಿಡಿ ಬೀಜ ಹಾಕಿದಳು. ಅದರ ಜೊತೆ ಬೇಡದಿದ್ದರೂ ಒಂದು ಚೀಲ ಲೂಮಿಯನ್ನೂ ಮಾರಿದಳು. ಕರುಣೆ ಬೇರೆ, ವ್ಯಾಪಾರ ಬೇರೆ.

ಊಟಕ್ಕೆ ಅಲ್ಲೇ ಚೌಕದಲ್ಲಿ ಕೂತೆವು. ಅತ್ತೆಗೆ ಮಾಂಜಿ ಮತ್ತು ಕಂದು ಅನ್ನ ಬಂತು. ಅನ್ನದ ಮೇಲೆ ಹುರಿದ ಈರುಳ್ಳಿ, ಒಣದ್ರಾಕ್ಷಿ. "ಮೀನಿಗೆ ದ್ರಾಕ್ಷಿಯಾ? ತಲೆ ಸರಿ ಉಂಟಾ ಇವರಿಗೆ?" ಎಂದು ಒಂದೊಂದೇ ದ್ರಾಕ್ಷಿ ಆರಿಸಿ ತಟ್ಟೆಯ ಅಂಚಿಗೆ ರಾಶಿ ಹಾಕಿದರು. ಬಸವರಾಜ ಸೈಕಲ್ ಚಕ್ರದಷ್ಟು ದೊಡ್ಡ ರೊಟ್ಟಿ ಹರಿದು ಬೇಯಿಸಿದ ಕಾಳಿನ ಜೊತೆ ತಿನ್ನುತ್ತಾ, ಪಕ್ಕದ ಸೊಪ್ಪನ್ನು ಕಟ್ಟುಗಟ್ಟಲೆ ಮುಗಿಸುತ್ತಿದ್ದ. ನಾವು ಏಳುವಾಗ ನೋಡಿದೆ, ಅತ್ತೆಯ ತಟ್ಟೆಯ ಅಂಚಿನಲ್ಲಿ ಒಂದು ದ್ರಾಕ್ಷಿಯೂ ಉಳಿದಿರಲಿಲ್ಲ. ನಾನು ನೋಡಿದ್ದನ್ನು ಅತ್ತೆಯೂ ನೋಡಿದರು.

ಸಂಜೆ ಲವೀನಾ ಡ್ಯೂಟಿಯಿಂದ ಬಂದಾಗ ಮನೆ ತುಂಬ ತಾಟೆ ಸಾರಿನ ಪರಿಮಳ. ಪ್ರಯೋಗಕ್ಕೆಂದು ಮಾಡಿದ್ದು. ಅದಕ್ಕೆ ಹುಳಿಗೆ ಲೂಮಿ ಹಾಕಿದ್ದರು, ಕೊಂಡದ್ದು ದಂಡವಾಗಬಾರದಲ್ಲ. ಅತ್ತೆ ಚೀಟಿ ಹಿಡಿದು ಕೂತರು. ತಾಟೆಗೆ ಟಿಕ್. ಆಮೇಲೆ ಕೊನೆಗೆ ಏನೋ ಬರೆದು, ಆ ಭಾಗವನ್ನು ಒಳಗೆ ಮಡಿಸಿ ಹೆಬ್ಬೆರಳಿನಿಂದ ಗಟ್ಟಿ ಒತ್ತಿದರು. "ಇಲ್ಲೇ ಆಗ್ಲಿ" ಎಂದರು. ಲವೀನಾ ಬೂಟು ಬಿಚ್ಚುತ್ತಿದ್ದವಳು ಒಂದೇ ಬೂಟಿನಲ್ಲಿ ಎದ್ದು ಬಂದು ಅಮ್ಮನ ಹೆಗಲಿಗೆ ಮುಖ ಇಟ್ಟಳು.

ಮಗಳು ಇಲ್ಲೇ ಹುಟ್ಟಿದಳು. ಅತ್ತೆಯ ವೀಸಾ ಮುಗಿಯುವಾಗ ಮಗುವಿಗೆ ಇಪ್ಪತ್ತೇ ದಿನ. ಆಮೇಲಿನ ಬಾಣಂತನಕ್ಕೆ ಬಸವರಾಜನ ಅಳ್ವಿ ಪಾಯಸ, ಸಬ್ಬಸಿಗೆ ಪಲ್ಯ. ನನ್ನದು ಬಟ್ಟೆ ಒಗೆಯುವುದು ಮತ್ತು ಬೈಗುಳ ತಿನ್ನುವುದು. ಲವೀನಾಳ ಕೆಲಸ ಉಳಿಯಿತು. ಈ ಕಥೆಯನ್ನೆಲ್ಲ ಮಗಳಿಗೆ ಹೇಳಿದರೆ ಅವಳು ಕೇಳುವುದು ಕನ್ನಡದಲ್ಲಿ, ಉತ್ತರ ಕೊಡುವುದು ಇಂಗ್ಲಿಷಿನಲ್ಲಿ, "ಶಾರ್ಕ್ ಸೂಪ್? ಸೀರಿಯಸ್ಲಿ, ಡ್ಯಾಡ್?"

ಈಗ ಆ ಮಡಿಸಿದ ಕೊನೆ. ಕಳೆದ ಗುರುವಾರ ಸ್ಟೂಲಿನ ಮೇಲೆ ನಿಂತೇ ಬಿಡಿಸಿ ಓದಿದೆ. 'ನೋಡಿಕೊಳ್ಳಲು ಜನ' ಎಂದು ಬರೆದು ಕೆಳಗೆ ಮೂರು ಹೆಸರು. ಬಸವರಾಜ, ಟಿಕ್. ಬೀಜದ ಅಜ್ಜಿ, ಟಿಕ್. ಅಳಿಯ, ಪ್ರಶ್ನಾರ್ಥಕ ಚಿಹ್ನೆ.

ನಗಬೇಡಿ. ಆ ಅಜ್ಜಿಯ ಹೆಸರೂ ಗೊತ್ತಿರಲಿಲ್ಲ ಅತ್ತೆಗೆ!

ಮರುದಿನ ಬೆಳಿಗ್ಗೆ ಒಬ್ಬನೇ ಮುಬಾರಕಿಯಾಕ್ಕೆ ಹೋದೆ. ಬಸವರಾಜ ಈಗ ರೋಣದಲ್ಲಿ ಮನೆ ಕಟ್ಟಿಸಿಕೊಂಡು ಇದ್ದಾನೆ. ಮೀನಿನ ಎದುರು ನಿಂತಾಗ ವಿಡಿಯೋ ಕಾಲ್ ಮಾಡೋಣ ಎಂದು ಫೋನ್ ತೆಗೆದೆ, ವಾಪಸು ಕಿಸೆಗೆ ಹಾಕಿದೆ. ಮುಖ ಸಣ್ಣ ಮಾಡಿದೆ. ಕಣ್ಣಿನ ಪ್ರೆಷರ್ ನೋಡಿದೆ. ಬಾಯಿಯ ಬದಿ ಎರಡೆರಡು ಸಲ ಪರೀಕ್ಷಿಸಿದೆ. ಎರಡು ಮರಿ ತಾಟೆ, ಅರ್ಧ ಕಿಲೋ ರಶಾದ್ ತಂದು ಲವೀನಾಳ ಕೈಗೆ ಕೊಟ್ಟೆ. ಅವಳು ಸಾರಿಗೆ ಇಟ್ಟಳು. ಮೇಲಿನ ಮನೆಗೆ ಸಾರಿನ ಪಾತ್ರೆ ಕೊಟ್ಟು ಬಂದು ಅತ್ತೆಗೆ ಫೋನ್ ಮಾಡಿದೆ. ಎಂಬತ್ತು ದಾಟಿದೆ, ಕಿವಿ ಮಂದ, ನಾಲಗೆ ಅಲ್ಲ.

"ಮಾಂಯ್, ಚೀಟಿ ಸಿಕ್ಕಿತು. ನನ್ನ ಹೆಸರಿನ ಎದುರು ಪ್ರಶ್ನೆ ಯಾಕೆ?"

"ಯಾವ ಚೀಟಿ? ಓ, ಅದಾ! ಸಿಕ್ಕಿತಾ?" ಎಂದು ನಕ್ಕರು. "ಸರಿ ನೋಡು. ಬಾಕಿ ಎಲ್ಲ ಪೆನ್ನಲ್ಲಿ ಉಂಟು. ಅದೊಂದು ಎಂತದ್ರಲ್ಲಿ ಉಂಟು?"

ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಪೆನ್ಸಿಲ್.

"ಬೇಕೂಂತಲೇ ಪೆನ್ಸಿಲಲ್ಲಿ ಬರ್ದದ್ದು. ಈಗ ಹೇಳು, ಮೇಲಿನ ಮನೆಯ ಹುಡುಗಿಗೆ ತಾಟೆ ತಂದದ್ದು ಯಾರು? ಲವೀನಾ ಬೆಳಿಗ್ಗೆಯೇ ಹೇಳಿದ್ಳು, ನೀನು ಮಾರ್ಕೆಟಿಗೆ ಹೋಗಿದ್ದೀ ಅಂತ."

"ನಾನೇ, ಮಾಂಯ್. ಒಬ್ಬನೇ ಹೋಗಿ."

"ಮೀಸೆ ಇತ್ತಾ?"

"ಇರಲಿಲ್ಲ."

"ಹಾಗಾದ್ರೆ ಅಳಿಸು."

ಫೋನ್ ಇಟ್ಟು ಮನೆಯಿಡೀ ರಬ್ಬರ್ ಹುಡುಕಿದೆ. ಇದನ್ನು ಬರೆಯುವ ಹೊತ್ತಿಗೂ ಸಿಕ್ಕಿಲ್ಲ. ಅಲ್ಲಿಯವರೆಗೆ ನೀವು ಹೇಳಿ: ನಿಮ್ಮ ಬಾಣಂತನ, ಅಥವಾ ನಿಮ್ಮ ಹೆಂಡತಿಯದ್ದು, ಪರದೇಶದಲ್ಲಿ ಹೇಗಾಯಿತು? ಏನು ಸಿಗಲಿಲ್ಲ, ಅದರ ಬದಲು ಏನು ಸಿಕ್ಕಿತು, ಯಾವ ಊರಿನ ಯಾವ ಬಸವರಾಜ ಬಂದು ನಿಂತ? ಕೆಳಗೆ ಬರೆಯಿರಿ. ಅಳಿಯಂದಿರು ಬರೆಯುವುದಾದರೆ ಹೆಂಡತಿಗೆ ತೋರಿಸಿಯೇ ಬರೆಯಿರಿ. ಫೋನಿನಲ್ಲಿ ಮಾಂಜಿ ಆರಿಸುವವರು ಎಷ್ಟು ಜನ ಇದ್ದೀರಿ ಎಂದು ನನಗೆ ಚೆನ್ನಾಗಿ ಗೊತ್ತು.